ಪ್ರಸಾದ ಮತ್ತು 23ನೆಯ ಕಲಮು

ರಾತ್ರಿ ಹನ್ನೊಂದಕ್ಕೆ ವರ್ಜೀನಿಯಾದಿಂದ ಅಕ್ಕನ ಮಗನ ಫೋನು. ಯಾರಿಗೆ ಏನಾಯಿತೋ ಎಂದು ಗಾಬರಿಯಲ್ಲಿ ಎತ್ತಿದರೆ, “ಮಾಮಾ, ಮೂರು ವರ್ಷದ ಹಿಂದೆ ಯಾದಗಿರಿ ಕಡೆಯ ಜಾತ್ರೆಯಲ್ಲಿ ಅಜ್ಜ ನನ್ನ ಕೈಗಿಟ್ಟರಲ್ಲ, ಆ ಗಾಂಜಾ ಗಿಡದ ಪ್ರಸಾದಕ್ಕೆ ಇಂಗ್ಲಿಷಿನಲ್ಲಿ ಏನೆಂದು ಬರೆಯಲಿ?” ಎಂದ.

ಅಮೆರಿಕದ ಪೌರತ್ವ ಬಂದಿದೆ, ಅಲ್ಲಿನ ರಕ್ಷಣಾ ಇಲಾಖೆಯ ಗುತ್ತಿಗೆ ಕಂಪನಿಯಲ್ಲಿ ಕೆಲಸವೂ ಸಿಕ್ಕಿದೆ. ಬಾಕಿ ಇರುವುದು ರಹಸ್ಯ ಕಡತ ಮುಟ್ಟುವ ಅನುಮತಿ. ಅದಕ್ಕೆ ಎಸ್‌ಎಫ್-86 ಎಂಬ, ನೂರು ಪುಟ ಮೀರಿದ ಅರ್ಜಿ. ಅದರ 23ನೆಯ ಕಲಮು ಏಳು ವರ್ಷಗಳ ಮಾದಕ ಸೇವನೆಯ ಲೆಕ್ಕ ಕೇಳುತ್ತದೆ. ಮೊದಲ ಸಲ ಯಾವ ತಿಂಗಳು, ಕೊನೆಗೆ ಯಾವಾಗ, ಎಷ್ಟು ಸಲ, ಮುಂದೆಯೂ ಸೇವಿಸುವ ಇರಾದೆ ಇದೆಯೇ, ಇದ್ದರೆ ಏಕೆ, ಇಲ್ಲದಿದ್ದರೆ ಏಕಿಲ್ಲ. ಈ ಕೊನೆಯ ಪ್ರಶ್ನೆಗೆ ನಾನು ಮನಸೋತೆ. ಹೆಣ್ಣು ಕೊಡುವವರೂ ಇಷ್ಟು ವಿಚಾರಿಸುವುದಿಲ್ಲ. “ದೇವರ ದಯೆಯಿದ್ದರೆ ಬರುವ ಜಾತ್ರೆಗೆ” ಎಂದು ಬರೆದರೆ ಅದು ಭಕ್ತಿಯೋ, ಅಪರಾಧದ ಸಂಕಲ್ಪವೋ? ನಮ್ಮ ದೇಶದ 1985ರ ಮಾದಕ ವಸ್ತು ಕಾಯಿದೆ ಗಾಂಜಾ ಎಂದರೆ ಹೂ, ಕಾಯಿ ಬಿಟ್ಟ ತುದಿ, ಬರಿ ಎಲೆಯಲ್ಲ ಎಂದು ಬಿಡಿಸಿ ಹೇಳಿ, ಎಲೆಯ ಭಂಗಿಗೆ ನುಸುಳಲು ಸಂದಿ ಬಿಟ್ಟಿದೆ. ಅಜ್ಜ ಕೊಟ್ಟದ್ದು ಎಲೆಯೋ ಹೂವೋ, ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುವಾಗ ನೋಡಿದವರಾರು? ಪೆಂಟಗನ್ನಿಗಂತೂ, ಅಂದರೆ ಆ ರಕ್ಷಣಾ ಇಲಾಖೆಗೆ, ಎಲ್ಲವೂ ಒಂದೇ.

ವಾಷಿಂಗ್ಟನ್ ನಗರದಲ್ಲಿ 2015ರಿಂದ, ಇವನಿರುವ ವರ್ಜೀನಿಯಾದಲ್ಲಿ 2021ರಿಂದ, ವಯಸ್ಕರು ಒಂದಿಷ್ಟು ಗಾಂಜಾವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಬಹುದು. ಸರ್ಕಾರಿ ರಹಸ್ಯ ಓದುವವರು ಮಾತ್ರ ಕೂಡದು.

“ಮುಚ್ಚಿಟ್ಟುಬಿಡಲೇ?” ಎಂದ. ಬೇಡಪ್ಪ. ಅನುಮತಿ ಕೊಡಲು ಅವರು ನೋಡುವ ಹದಿಮೂರು ಮಾನದಂಡಗಳಲ್ಲಿ ಮಾದಕ ವಸ್ತುವಿಗೊಂದಿದೆ, ಅಪ್ರಾಮಾಣಿಕತೆಗೆ ಬೇರೆಯೇ ಒಂದಿದೆ. ಹಳೆಯ ಸೇವನೆ ಕಾಲ ಕಳೆದಂತೆ ಮಾಸುತ್ತದೆ. ಗೊತ್ತಿದ್ದೂ ಬರೆದ ಸುಳ್ಳಿಗೆ ಐದು ವರ್ಷದವರೆಗೆ ಜೈಲು. ನಿಜ ಬರೆದರೆ ಅದನ್ನೇ ಸಾಕ್ಷಿ ಮಾಡಿ ಮೊಕದ್ದಮೆ ಹೂಡುವುದಿಲ್ಲವೆಂದು ಅರ್ಜಿಯೇ ಅಭಯ ಕೊಡುತ್ತದೆ. ಕೆಲಸ ಉಳಿಯುತ್ತದೆ ಎಂದು ಮಾತ್ರ ಹೇಳುವುದಿಲ್ಲ.

2021ರ ಮಾರ್ಚ್‌ನಲ್ಲಿ ಶ್ವೇತಭವನದ ಐವರು ಸಿಬ್ಬಂದಿ ಗಾಂಜಾ ಕಾರಣಕ್ಕೆ ಮನೆಗೆ ಹೋದರು. ಅದೇ ಭವನದ ಆಗಿನ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಎರಡು ವರ್ಷ ಮೊದಲು ರೇಡಿಯೋದಲ್ಲಿ, ಸೇದಿದ್ದೇನೆ, ಹೊಗೆಯನ್ನು ಒಳಗೂ ಎಳೆದಿದ್ದೇನೆ ಎಂದು ನಗುನಗುತ್ತ ಹೇಳಿದ್ದರು. ಚುನಾಯಿತರಿಗೆ ಈ ಅರ್ಜಿಯ ಕಾಟವಿಲ್ಲ. ಮತ ಬಿದ್ದರೆ ರಹಸ್ಯಗಳು ತಾವಾಗಿ ಮೇಜಿಗೆ ಬರುತ್ತವೆ.

ಇನ್ನು ಟ್ರಂಪ್ ಅವರ ಅಳಿಯ ಜಾರೆಡ್ ಕುಶ್ನರ್. 2017ರಲ್ಲಿ ಇದೇ ಅರ್ಜಿ ವಿದೇಶಿ ಸಂಪರ್ಕಗಳ ಹೆಸರಿಲ್ಲದೆ ಹೋಗಿತ್ತು. ಅವಸರದಲ್ಲಿ ಆದ ತಪ್ಪು ಎಂದರು ವಕೀಲರು. ಆಮೇಲೆ ತಿದ್ದಿ ತಿದ್ದಿ ನೂರಕ್ಕೂ ಹೆಚ್ಚು ಹೆಸರು ಸೇರಿದವು. 2018ರಲ್ಲಿ ಕಾಯಂ ಅನುಮತಿಯೂ ಸಿಕ್ಕಿತು. ಸುಳ್ಳಲ್ಲ, ಮರೆವು. ಅಳಿಯ ಅಲ್ಲ, ಮಗಳ ಗಂಡ.

ಇಷ್ಟು ಹೊತ್ತು ತಮಾಷೆ ಮಾಡಿದೆ, ಇನ್ನು ಆಗುವುದಿಲ್ಲ. ನೂರು ಹೆಸರು ಮರೆತವರಿಗೆ ಮತ್ತೆ ಮತ್ತೆ ತಿದ್ದಲು ಕಾಗದ ಕೊಟ್ಟವರು, ಒಂದು ಚಿಟಿಕೆ ಪ್ರಸಾದ ನೆನಪಿಟ್ಟುಕೊಂಡ ಹುಡುಗನ ನಿದ್ದೆ ಕೆಡಿಸಿದ್ದಾರೆ. ಅಜ್ಜನ ಹೆಸರು ಎಲ್ಲಿ ಬಂದುಬಿಡುತ್ತದೋ ಎಂದು ಅವನು ಮೂರು ದಿನದಿಂದ ಸರಿಯಾಗಿ ಉಂಡಿಲ್ಲ.

ಕೊನೆಗೆ “ಹೌದು” ಎಂಬಲ್ಲಿ ಗುರುತು ಹಾಕಿದ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲಗೆ ಕೇಳಿದ: “ಮಾಮಾ, ಎಷ್ಟು ಸಲ ಎಂದಿದೆ. ಎರಡನೆಯ ಸಲ ಸಾಲಿನಲ್ಲಿ ನಿಂತದ್ದನ್ನೂ ಬರೆಯಬೇಕೇ?”