‘ಕನ್ನಡ’ದಲ್ಲಿ ಎಷ್ಟು ಅಕ್ಷರ?

ಒಂದನೇ ಕ್ಲಾಸಿನ ಮಗುವನ್ನು ಕೇಳಿ. ಕ, ನ್ನ, ಡ ಅಂತ ಬೆರಳು ಮಡಿಚಿ ಮೂರು ಅನ್ನುತ್ತದೆ.

ಈಗ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಭಾಷೆಗಳನ್ನು ಕೇಳಿ. ಪೈಥಾನ್ 3 ಐದು ಅನ್ನುತ್ತದೆ. ಜಾವಾ, ಜಾವಾಸ್ಕ್ರಿಪ್ಟ್ ಕೂಡ ಐದು. ಗೋ ಮತ್ತು ರಸ್ಟ್ ಹದಿನೈದು. ಸ್ವಿಫ್ಟ್ ನಾಲ್ಕು.

ಗೋ, ರಸ್ಟ್ ಎಣಿಸುವುದು ಕಂಪ್ಯೂಟರ್ ನೆನಪಿನ ಸಣ್ಣ ತುಣುಕುಗಳಾದ ಬೈಟ್‌ಗಳನ್ನು. ಅಕ್ಷರಗಳನ್ನು ಬೈಟ್ ರೂಪದಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಪೈಥಾನ್ ಸಂಕೇತಗಳನ್ನೇ ಎಣಿಸುತ್ತದೆ: ಕ, ನ, ಹಲಂತ (ಅರ್ಧಾಕ್ಷರದ ಗುರುತು), ನ, ಡ.

ಇದು ಬರೀ ಲೆಕ್ಕದ ಮಾತಲ್ಲ. ‘ಲಕ್ಷ್ಮಮ್ಮ’ ಅನ್ನುವ ಹೆಸರು ತಗೊಳ್ಳಿ. ಬಾಯಲ್ಲಿ ಮೂರೇ ಅಕ್ಷರ, ಕಂಪ್ಯೂಟರಿನಲ್ಲಿ 27 ಬೈಟ್. ಹೆಸರಿಗೆ 20 ಬೈಟ್ ಸಾಕು ಅಂತ ಯಾರೋ ಬರೆದಿಟ್ಟಿದ್ದರೆ, ಉಳಿಯುವುದು ‘ಲಕ್ಷ್ಮ’ ಮತ್ತು ಅದರ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ. ಹೀಗೆ ತುಂಡಾದ ಹೆಸರನ್ನು ಒಂದು ಗುರುತಿನ ಚೀಟಿಯಲ್ಲಿ ಕಣ್ಣಾರೆ ನೋಡಿದ್ದೇನೆ. ಯಾರದ್ದೇ ಆಗಲಿ, ಸ್ವಂತ ಹೆಸರು ಅಲ್ವಾ, ತುಂಬಾ ಬೇಜಾರಾಯಿತು.

ನನಗೆ ಜಾಸ್ತಿ ನೋವು ಕೊಡುವುದು ಸ್ವಿಫ್ಟ್‌ನ ಉತ್ತರ. ಅದು ಓದುವವರ ಕಣ್ಣಿಗೆ ಕಾಣುವ ಅಕ್ಷರವನ್ನೇ ಎಣಿಸಲು ಹೊರಟ ಭಾಷೆ. ಆದರೂ ‘ನ್ನ’ವನ್ನು ನ್, ನ ಅಂತ ಒಡೆಯುತ್ತದೆ. ತಪ್ಪು ಅದರದ್ದಲ್ಲ, ಅದು ಯೂನಿಕೋಡ್ (ಎಲ್ಲ ಲಿಪಿಗಳಿಗೂ ಸಂಕೇತ ಗೊತ್ತುಮಾಡುವ ಜಾಗತಿಕ ಮಾನದಂಡ) ನಿಯಮ ಪಾಲಿಸುತ್ತಿದೆ. 2023ರಲ್ಲಿ ಬಂದ ಯೂನಿಕೋಡ್ 15.1ರಲ್ಲಿ, ಒತ್ತಕ್ಷರವನ್ನು ಒಡೆಯಬಾರದು ಅನ್ನುವ ನಿಯಮ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ತೆಲುಗಿನ ಒತ್ತಿಗೂ ನಮ್ಮ ಒತ್ತಿಗೂ ಏನು ವ್ಯತ್ಯಾಸ? ಎರಡೂ ಅಕ್ಷರದ ಕೆಳಗೇ ಕೂರುತ್ತವೆ.

ಇನ್ನೊಂದು ವಿಷಯ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ಯುಟಿಎಫ್-8 ರೂಪಿಸಿದರು. ಇವತ್ತು ನಾವು ಇಲ್ಲಿ ಕನ್ನಡದಲ್ಲಿ ಹರಟುತ್ತಿರುವುದಕ್ಕೆ ಅವರಿಗೊಂದು ದೊಡ್ಡ ನಮಸ್ಕಾರ ಸಲ್ಲಬೇಕು. ಮುಂದೆ ಅವರಿಬ್ಬರೂ ಸೇರಿದ್ದ ತಂಡವೇ ಗೋ ಭಾಷೆ ಕಟ್ಟಿತು. ಅದರಲ್ಲಿ ಬರೆಯುವ ಕೋಡ್ ಯುಟಿಎಫ್-8ರಲ್ಲೇ ಇರಬೇಕು. ಆದರೆ ಅಲ್ಲಿ, ಮಾಹಿತಿ ಇಟ್ಟುಕೊಳ್ಳುವ ಡಬ್ಬಿಯಂಥ ವೇರಿಯಬಲ್‌ಗೆ ‘ಮರ’ ಅಂತ ಹೆಸರಿಡಬಹುದು, ‘ಮನೆ’ ಅಂತ ಇಡಲಾಗದು! ಹೆಸರಿನಲ್ಲಿ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ ಇರಬಹುದು. ಎತ್ವದ ಗುರುತು ಯೂನಿಕೋಡ್ ಲೆಕ್ಕದಲ್ಲಿ ಅಕ್ಷರ ಅಲ್ಲ. ಗುಣಿತವಿಲ್ಲದೆ ಕನ್ನಡದಲ್ಲಿ ಎಷ್ಟು ಪದ ಬರೆಯಬಹುದು ಹೇಳಿ. ಪೈಥಾನ್ ‘ಮನೆ’ಯನ್ನು ತಕರಾರಿಲ್ಲದೆ ಒಪ್ಪುತ್ತದೆ. ಅಂದಮೇಲೆ ಇದು ಆಗದ ಕೆಲಸವೇನಲ್ಲ.

ಸದ್ಯಕ್ಕೆ ನನ್ನ ಕೋಡ್‌ನಲ್ಲಿ ನಾನೇ ಒಂದು ಸಣ್ಣ ನಿಯಮ ಸೇರಿಸಿಕೊಂಡಿದ್ದೇನೆ. ಹಲಂತದ ಬೆನ್ನಿಗೇ ವ್ಯಂಜನ ಬಂದರೆ ಹಿಂದಿನದಕ್ಕೆ ಅಂಟಿಸು. ನಡುವೆ ಕಣ್ಣಿಗೆ ಕಾಣದ ಬಿಡಿಸುವ ಸಂಕೇತ ಇದ್ದರೆ, ‘ಫೇಸ್‌ಬುಕ್’ನಲ್ಲಿ ಇರುವ ಹಾಗೆ, ಬೇರೆಯಾಗಿಯೇ ಬಿಡು. ನಾಲ್ಕೈದು ಸಾಲಿನ ಕೆಲಸ. ಈಗ ‘ಕನ್ನಡ’ ಕೊಟ್ಟರೆ ಮೂರು ಬರುತ್ತದೆ. ಬೇಕಾದವರು ಕಾಮೆಂಟಿನಲ್ಲಿ ಹೇಳಿ, ಕಳಿಸುತ್ತೇನೆ.