ಪುಟ್ಟಿಯ ಕೆಳಗಿನ ಸಂದು

ನಿನ್ನೆ ಗೆಳೆಯರೊಬ್ಬರು ಮೊಮ್ಮಗುವಿಗೆಂದು ಕೈಯಾರೆ ಮಾಡಿದ ಮಂಚವನ್ನು ಹೆಮ್ಮೆಯಿಂದ ತೋರಿಸಿದರು. ಕನ್ನಡಿಯಂತಹ ಪಾಲಿಷ್, ನಾಲ್ಕೂ ಕಾಲುಗಳ ಮೇಲೆ ಮೊಲದ ಚಿತ್ರ. ಮೇಲಿನ ಪಟ್ಟಿಯನ್ನು ಹಿಡಿದು ತುಸು ಅಲುಗಿಸಿದೆ (ಈ ಚಟದಿಂದಾಗಿಯೇ ನನ್ನನ್ನು ಯಾರೂ ಎರಡನೆಯ ಸಲ ಮನೆಗೆ ಕರೆಯುವುದಿಲ್ಲ). ಕಾಲಿಗೆ ಕೂಡುವ ಜಾಗದಲ್ಲಿ ಪುಟ್ಟಿ (ಮರದ ತೂತು-ಬಿರುಕು ಮುಚ್ಚಲು ಮೆತ್ತುವ ಪೇಸ್ಟು) ಕೂದಲೆಳೆಯಷ್ಟು ಬಿರಿಯಿತು. ಕೇಳಿದರೆ, ಪಟ್ಟಿಯ ತುದಿಯನ್ನು ಕಾಲಿಗೆ ಒತ್ತಿ, ಹೊರಗಿನಿಂದ ಎರಡು ಸ್ಕ್ರೂ ಬಿಗಿದು, ಅವುಗಳ ತಲೆ ಕಾಣದಂತೆ ಪುಟ್ಟಿ ಮೆತ್ತಿದ್ದಾರಂತೆ.

ನನ್ನ ಸಿಟ್ಟೆಲ್ಲ ಆ ಪುಟ್ಟಿಯ ಮೇಲೆ, ಅದು ಮರೆಮಾಡಿದ್ದು ದುರ್ಬಲವಾದ ಸಂದನ್ನು, ಅಂದರೆ ಜೋಡಣೆಯನ್ನು. ಪಟ್ಟಿಯ ತುದಿಯಿಂದ ಮರದ ನಾರಿನ ಉದ್ದಕ್ಕೇ ಇಳಿಯುವ ಸ್ಕ್ರೂ ನಾರನ್ನು ಕತ್ತರಿಸುತ್ತದೆಯೇ ಹೊರತು ಗಟ್ಟಿಯಾಗಿ ಹಿಡಿಯುವುದಿಲ್ಲ. ಅಡ್ಡ ಕೊಯ್ದ ತುದಿಗೆ ಹಚ್ಚಿದ ಅಂಟನ್ನು ಮರ ಹೀರಿಕೊಂಡುಬಿಡುತ್ತದೆ.

"ಹತ್ತು ಕಿಲೋ ಕೂಡ ತೂಗದ ಕೂಸಿಗೆ ಇಷ್ಟೆಲ್ಲ ಏಕೆ ಸ್ವಾಮಿ?" ಎಂದು ಅವರು ನಕ್ಕರು. ಕೂಸು ಮಲಗಿಯೇ ಇರುವುದಾದರೆ ರಟ್ಟಿನ ಪೆಟ್ಟಿಗೆಯೂ ಸಾಕು. ಆದರೆ ಅದು ಎದ್ದು ನಿಂತ ದಿನದಿಂದ ಪಟ್ಟಿಯನ್ನು ಹಿಡಿದು ಮೈಯೆಲ್ಲ ಬಲ ಹಾಕಿ ಅಲ್ಲಾಡಿಸುತ್ತದೆ, ಮತ್ತು ಸಂದನ್ನು ಸಡಿಲಿಸುವುದು ತೂಕಕ್ಕಿಂತ ಹೆಚ್ಚಾಗಿ ಈ ಅಡ್ಡ ಎಳೆತವೇ. ಒಂದು ಬದಿ ಕೆಳಗಿಳಿಯುವ ಮಂಚಗಳನ್ನು ಅಮೆರಿಕ 2011ರಲ್ಲಿ ನಿಷೇಧಿಸಿದ್ದು, ಕೀಲು ಸಡಿಲಗೊಂಡು ಬದಿ ಕಳಚಿ, ಆ ಸಂದಿಯಲ್ಲಿ ಮಕ್ಕಳು ಸಿಲುಕಿ ಸತ್ತದ್ದರಿಂದ. ಸರಳುಗಳ ನಡುವೆ 6 ಸೆಂ.ಮೀ. ಮೀರದಂತೆ ಅಳೆದು ಕೂರಿಸಿದವರು, ಮೂಲೆಯೇ ಬಾಯಿಬಿಟ್ಟರೆ ಏನು ಮಾಡುತ್ತಾರೆ?

ಇಲ್ಲಿಗೆ ಬೇಕಾದದ್ದು ಮಾರ್ಟೈಸ್-ಟೆನನ್: ಕಾಲಿನಲ್ಲಿ ಕೊರೆದ ಗುಳಿ, ಪಟ್ಟಿಯ ತುದಿಯಲ್ಲಿ ಕೆತ್ತಿದ ನಾಲಿಗೆ. ನಾಲಿಗೆಯ ದಪ್ಪ ಪಟ್ಟಿಯ ಮೂರನೆಯ ಒಂದು ಭಾಗದಷ್ಟು, ಅಂದರೆ 24 ಮಿ.ಮೀ. ಪಟ್ಟಿಗೆ 8 ಮಿ.ಮೀ. ಇರಲಿ. ಅದು ಕೈಯೊತ್ತಿಗೆ ಬಿಗಿಯಾಗಿ ಒಳಗೆ ಹೋಗಬೇಕು, ತಲೆಕೆಳಗಾಗಿ ಹಿಡಿದರೂ ಜಾರಬಾರದು. ನಾಲಿಗೆಯ ಬುಡದ ಹೆಗಲು ಕಾಲಿಗೆ ಒತ್ತಿ ಕುಳಿತಾಗಲೇ ಚೌಕಟ್ಟು ಅಲುಗಾಡದು. ಪಾರಿವಾಳದ ಬಾಲದಂತೆ ಹಲ್ಲು ಕೊಯ್ದು ಕೂಡಿಸುವ ಡವ್‌ಟೇಲ್ ಸಂದು ಚಂದವೇ, ಡ್ರಾಯರಿಗಿರಲಿ.

ಇಷ್ಟು ಬೈದ ಮೇಲೆ ನನ್ನದನ್ನೂ ಹೇಳಿಬಿಡುತ್ತೇನೆ. ನಾನು ಮಾಡಿದ ಮೊದಲ ಮಂಚದಲ್ಲಿ ನಾಲಿಗೆಯನ್ನು ತೆಳ್ಳಗೆ ಕೆತ್ತಿ, ಸಂದಿಗೆ ಗರಗಸದ ಹುಡಿ ಬೆರೆಸಿದ ಅಂಟು ತುಂಬಿದ್ದೆ. ಒಂದು ಬೆಳಿಗ್ಗೆ ಪಟ್ಟಿ ಮಗಳ ಕೈಗೇ ಬಂತು. ಮರವೇ ಸರಿಯಿಲ್ಲವೆಂದು ಹೆಂಡತಿಗೆ ಸುಳ್ಳು ಹೇಳಿದ್ದೆ. ಸತ್ಯ ಅವಳಿಗೂ ಇಲ್ಲಿಯೇ ತಿಳಿಯುತ್ತಿದೆ.

ಗೆಳೆಯರು ಮುನಿಸಿಕೊಂಡರೂ ಮಂಚವನ್ನು ಕಳುಹಿಸಿಕೊಟ್ಟಿದ್ದಾರೆ. ನಾಲಿಗೆ ಕೆತ್ತಲು ಹಳೆಯ ಪಟ್ಟಿಗಳ ಉದ್ದ ಸಾಲದು, ಹೊಸದಾಗಿ ಕೊಯ್ಯಬೇಕು. ಮೊಲಗಳಿಗೆ ಏನೂ ಆಗದಂತೆ ನೋಡಿಕೊಳ್ಳುತ್ತೇನೆಂದು ಮಾತು ಕೊಟ್ಟಿದ್ದೇನೆ.