ಪ್ರಾರ್ಥನೆ ಮಾಡಿದವರಿಗೆ ಮಾತ್ರ ಊಟವಾ? ಹಾಗೇನಿಲ್ಲ

‘ಬೀದಿಯಲ್ಲಿ ಮಲಗುವವರಿಗೆ ಊಟ ಹಾಕುವ ಧಾರ್ಮಿಕ ಗುಂಪುಗಳು ಮೊದಲು ಪ್ರಾರ್ಥನೆ ಮಾಡಿಸುತ್ತವೆ, ಕೈಮುಗಿಯದವರಿಗೆ ತಟ್ಟೆ ಇಲ್ಲ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಪೂರ್ತಿ ಸುಳ್ಳು ಅನ್ನಲಾರೆ. ಉಪದೇಶ ಮುಗಿಯುವವರೆಗೆ ಸೂಪ್ ಬಡಿಸದ ಜಾಗಗಳು ಹಿಂದೆ ಇದ್ದವು. ಆದರೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು.

ಸಿಖ್ಖರ ಲಂಗರ್‌ನಲ್ಲಿ, ಅಂದರೆ ಗುರುದ್ವಾರದ ಉಚಿತ ಊಟದ ಮನೆಯಲ್ಲಿ, ಪಂಕ್ತಿಗೆ ಕೂತವರ ಧರ್ಮ ಕೇಳುವುದಿಲ್ಲ. ರೋಮ್‌ನಲ್ಲಿ 1968ರಲ್ಲಿ ಶುರುವಾದ, ಬಡವರಿಗೆ ಊಟ ಹಾಕುವ ಸಂತ್ ಎಜಿದಿಯೊ ಎಂಬ ಕ್ಯಾಥೊಲಿಕ್ ಬಳಗದವರು ಸಂಜೆ ಒಟ್ಟಿಗೆ ಪ್ರಾರ್ಥಿಸುತ್ತಾರೆ, ನಿಜ. ಅದು ಅವರ ಪ್ರಾರ್ಥನೆ, ಊಟದ ಟೋಕನ್ ಅಲ್ಲ. ಅಲ್ಲಿನ ತೆರ್ಮಿನಿ ರೈಲು ನಿಲ್ದಾಣದ ಬಳಿ ಮೊದೆಸ್ತಾ ವಲೆಂತಿ ಎಂಬ ಮನೆಯಿಲ್ಲದ ವೃದ್ಧೆಗೆ 1983ರ ಜನವರಿ 31ರಂದು ಹುಷಾರು ತಪ್ಪಿತು. ಮೈ ಕೊಳಕು ಅಂತ ಆಂಬುಲೆನ್ಸ್‌ನವರು ಹತ್ತಿಸಿಕೊಳ್ಳಲಿಲ್ಲ. ಕಾದು ಕಾದು ತೀರಿಕೊಂಡರು. ಆ ವೃದ್ಧೆಯ ನೆನಪಿಗೆ ಈ ಬಳಗದವರು ಮಾಡುವ ಪ್ರಾರ್ಥನೆಯಲ್ಲಿ, ಬೀದಿಯಲ್ಲೇ ಸತ್ತ ಉಳಿದವರ ಹೆಸರುಗಳನ್ನೂ ಓದುತ್ತಾರೆ, ಮೇಣದಬತ್ತಿ ಹಚ್ಚುತ್ತಾರೆ. ಮನೆಯಿಲ್ಲದ ಗೆಳೆಯರೂ ಬಂದು ಜೊತೆಗೆ ಕೂರುತ್ತಾರೆ. ಹೆಸರು ಕರೆದು ನೆನೆಯುವುದು ಬಲವಂತ ಹೇಗಾಗುತ್ತೆ?

ನೀವೂ ಬಡಿಸಲು ಹೋಗುವುದಾದರೆ ಮೊದಲು ಊಟ ಕೊಡಿ. ಪ್ರಾರ್ಥನೆ ಇದ್ದರೆ ಆಮೇಲೆ, ಬೇಕಾದವರಿಗೆ. ಬೇಡ ಅಂದವರಿಗೆ ಸುಮ್ನೆ ಕಂಬಳಿ ಕೊಟ್ಟು ಮುಂದೆ ಹೋಗಿ.